ಮೊದಲು ಕೆಂಪು ಟವಲ್ಲು

ಹವಾಲ್ದಾರ್ ದುರುಗಪ್ಪನವರ ಜೊತೆ ಕೊಟ್ಟೂರಿನ ಬೀದಿಯಲ್ಲಿ ನಡೆಯುವುದೆಂದರೆ ನನಗೆ ಮೈಯೆಲ್ಲ ಮುಜುಗರ. ದೂರದಲ್ಲಿ ಕಂಡದ್ದನ್ನೆಲ್ಲ ಅವರು ಬಾಯಿಬಿಟ್ಟು ಹೆಸರಿಸುತ್ತ ಹೋಗುತ್ತಿದ್ದರು. "ಎಮ್ಮಿ." ಸ್ವಲ್ಪ ದೂರ ಹೋಗಿ, "ಸೈಕಲ್ಲು, ಮ್ಯಾಲೆ ಮನುಷ್ಯ." ಇನ್ನೂ ಸ್ವಲ್ಪ ಮುಂದೆ, "ಗೋಣಿಚೀಲ. ಅಲ್ಲ, ತಡಿ... ಮುದುಕಿ." ಕಟ್ಟೆಯ ಮೇಲೆ ಮುದುಡಿ ಕೂತಿದ್ದ ಆ ಮುದುಕಿ ತಲೆಯೆತ್ತಿ, "ನಿನ್ನ ಬಾಯಾಗ ಮಣ್ಣು ಬೀಳ, ಯಾರೋ ಗೋಣಿಚೀಲ!" ಎಂದು ಬೈದರೆ, ಕೈಮುಗಿದು "ಬೈಯವ್ವ, ಬೈಯಿ. ಮನುಷ್ಯಾಳು ಅಂತ ಖಾತ್ರಿ ಆತು" ಎನ್ನುವರು. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಈ ಚಾಳಿಗೆ ಕಾರಣ ಊರಿಗೆಲ್ಲ ಗೊತ್ತಿತ್ತು, ಅವರ ಎದುರು ಮಾತ್ರ ಯಾರೂ ಆಡುತ್ತಿರಲಿಲ್ಲ. ಹರೆಯದಲ್ಲಿ ಸೈನ್ಯದಿಂದ ರಜೆಗೆ ಬಂದಿದ್ದಾಗ, ಕೂಡ್ಲಿಗಿ ಕಡೆಯ ತಮ್ಮ ಹಳ್ಳಿಯ ಶೇಂಗಾ ಹೊಲದಲ್ಲಿ, ಹೊತ್ತು ಮುಳುಗುವ ವೇಳೆ, ಕರಡಿ ಬಂತೆಂದು ಅಪ್ಪನ ಬಂದೂಕಿನಿಂದ ಗುಂಡು ಹೊಡೆದರು. ಅದು ಕರಡಿಯಲ್ಲ. ಕರಿ ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕೂತಿದ್ದ ಒಡಹುಟ್ಟಿದ ತಮ್ಮ ಮೈಲಾರಿ. ಕೋರ್ಟು ಅವರನ್ನು ಬಿಟ್ಟಿತು. ಊರು ಬಿಡಬೇಕಲ್ಲ? ಅವತ್ತೇ ಬೆಳಿಗ್ಗೆ ಬಾವಿ ನೀರಿನ ಪಾಳಿಗಾಗಿ ಅಣ್ಣತಮ್ಮಂದಿರು ಕೈಕೈ ಮಿಲಾಯಿಸಿದ್ದನ್ನು ನೋಡಿದವರಿದ್ದರು. ಅರ್ಧ ಊರು "ಪಾಪ, ಕಣ್ಣು ಮೋಸ ಮಾಡ್ತು" ಅಂದರೆ, ಇನ್ನರ್ಧ "ಮಿಲಿಟ್ರಿ ಕಣ್ಣಿಗೆ ಕರಡಿ ಯಾವುದು, ತಮ್ಮ ಯಾವನು ತಿಳೀಲಿಲ್ಲೇನು?" ಅನ್ನುತ್ತಿತ್ತು. ಆಮೇಲೆ ಅವರು ಮದುವೆಯಾಗಲಿಲ್ಲ, ತಮ್ಮದೆಂದು ಬಂದೂಕು ಇಟ್ಟುಕೊಳ್ಳಲಿಲ್ಲ. ಪಿಂಚಣಿ ಬಂದ ಮೇಲೆ ಕೊಟ್ಟೂರು ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಮನೆ ಹಿಡಿದು ಒಬ್ಬರೇ ಇದ್ದರು. ಸುತ್ತಮುತ್ತ ಯಾರಿಗಾದರೂ ಹೊಸದಾಗಿ ಬಂದೂಕು ಬಂತೆಂದು ಕಿವಿಗೆ ಬಿದ್ದರೆ ಸಾಕು, ಕರೆಯದಿದ್ದರೂ ಅಲ್ಲಿಗೆ ಹೋಗುತ್ತಿದ್ದರು.

ನನ್ನ ಮನೆಗೂ ಹಾಗೇ ಬಂದರು. ಅಪ್ಪ ತೀರಿಕೊಂಡ ಮೇಲೆ ಬೆಳೆ ಕಾಯುವ ಲೈಸೆನ್ಸು ನನ್ನ ಹೆಸರಿಗೆ ಆಗಿತ್ತು. ಹೊಲ ಮಾಡುವವನು ತಮ್ಮ ಮಲ್ಲೇಶನಾದರೂ, "ನನಗ ಅದರ ಉಸಾಬರಿ ಬ್ಯಾಡ ಅಕ್ಕ, ನೀನ ಇಟ್ಕ" ಎಂದಿದ್ದ. ನಾನು ಹೈಸ್ಕೂಲಿನ ಪಿ.ಟಿ. ಟೀಚರು. ಥ್ರೋಬಾಲ್ ಎಸೆದರೆ ಗುರಿ ತಪ್ಪಿದವಳಲ್ಲ ಎಂಬ ಜಂಬ ಬೇರೆ. ಹೊಸ ರೈಫಲ್ಲು ಕೊಂಡು, ಅದಕ್ಕೆ ಏನೇನು ಜೋಡಿಸಬೇಕೆಂದು ಫೋನಿನಲ್ಲಿ ನೋಡುತ್ತ ಕೂತಿದ್ದೆ. ಬಾಗಿಲಲ್ಲಿ ನಿಂತು ಕೆಮ್ಮಿದರು.

"ಬಂದೂಕು ಬಂದೈತಂತಲ್ಲ ಟೀಚರಮ್ಮ. ಇನ್ನ ಏನೇನು ತಗಂಬೇಕು ಅಂತ ಮಾಡೀದಿ?"

ಉತ್ಸಾಹದಿಂದ ತೋರಿಸಿದೆ. ದುರ್ಬೀನು, ನಳಿಗೆಗೆ ಊರುಗಾಲು, ಚರ್ಮದ ಚೀಲ, ಗಿಡದ ಬಣ್ಣದ ಜಾಕೀಟು. ಜಾಕೀಟಿನ ಚಿತ್ರಕ್ಕೆ ಬಂದಾಗ ಮುಖ ಗಂಟಿಕ್ಕಿದರು.

"ಯಾರಿಗೂ ಕಾಣಬಾರದು ಅಂತ ಅಂಗಿ ತಗಂತೀಯ? ತಲಿ ಕೆಟ್ಟೈತೇನು? ಮೊದ್ಲು ಸಂತಿಗೆ ಹೋಗಿ ಕೆಂಪು ಟವಲ್ಲು ತಗಂಬಾ. ನಿನಗ, ನಿಮ್ಮ ತಮ್ಮಗ, ಹೊಲಕ್ಕ ಬರೋ ಆಳಿಗೆ, ಕುರಿ ಕಾಯೋರಿಗೆ, ಎಲ್ಲರಿಗೂ. ತಲಿಗೆ ಕಟ್ಟಿಕೊಂಡ ಹೊಲದಾಗ ಕಾಲಿಡಬೇಕು. ಆಮ್ಯಾಗ ಬೀಗ ಹಾಕೋ ಪೆಟ್ಟಿಗಿ. ಆಮ್ಯಾಗ ಕಿವಿಗೆ ಬಿರಡಿ, ನಳಿಗಿ ಒರಸೋ ಕಡ್ಡಿ, ಎಣ್ಣಿ, ಹೆಗಲಿಗೆ ಪಟ್ಟಿ. ಉಳಿದ ದುಡ್ಡಿಗೆಲ್ಲ ಗುಂಡು ತಗಂಡು ಮಣ್ಣಿಗೆ ಹೊಡದು ಕಲಿ."

"ದುರ್ಬೀನು?"

"ಅದು ಕಡೀಗೆ. ದುರ್ಬೀನು ಇದ್ದೋರು ಗುರಿ ನೋಡ್ತಾರ, ಗುರಿ ಹಿಂದ ಯಾರದಾರ ಅಂತ ನೋಡಂಗಿಲ್ಲ."

ರವಿವಾರ ಬಂತೆಂದರೆ ಬೆಟ್ಟದ ಬುಡದ ನಮ್ಮ ಹೊಲದಲ್ಲಿ ಪಾಠ. ಮೊದಲು ರೈಫಲ್ಲಿನ ಬೋಲ್ಟನ್ನು, ಅಂದರೆ ಗುಂಡು ಸಿಡಿಸುವ ಆ ಕಬ್ಬಿಣದ ತುಂಡನ್ನು, ಹೊರಗೆಳೆದು ತಮ್ಮ ಜೇಬಿಗೆ ಹಾಕಿಕೊಳ್ಳುವರು. ಅದಿಲ್ಲದೆ ಬಂದೂಕು ಬರೀ ಕಟ್ಟಿಗೆ. ಆ ಕಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಕಂಡದ್ದರ ಹೆಸರನ್ನು ನಾನು ಗಟ್ಟಿಯಾಗಿ ಹೇಳಬೇಕು. ಕಲ್ಲು, ಲಕ್ಕಿ ಗಿಡ, ನವಿಲು. ಖಾತ್ರಿ ಇಲ್ಲದಿದ್ದರೆ "ಗೊತ್ತಿಲ್ಲ" ಅನ್ನಬೇಕು. ಎಷ್ಟೋ ವಾರ ಇದೇ ಆಯಿತು.

"ಹವಾಲ್ದಾರ್ರೇ, ನಾನು ಬಂದೂಕು ಕಲಿಯಾಕ ಬಂದೀನೋ, ಬಾಲವಾಡಿಗೋ?"

"ಬಾಲವಾಡಿಗೆ. ಮೊದ್ಲು ಪಾಸಾಗು."

ನಾನೇನು ಕಡಿಮೆ ಸಿಡುಕಿಯೇ? ಮುಖ ಊದಿಸಿಕೊಂಡೇ ಕಲಿತೆ. ಆಮೇಲೆ ಮಣ್ಣಿನ ದಿಬ್ಬಕ್ಕೆ ಗುಂಡು ಹೊಡೆಯಲು ಬಿಟ್ಟರು. ಹಂದಿ ಹೆದರಿಸಲು ಆಕಾಶಕ್ಕೆ ಹೊಡೆದರೆ ಸಾಕಲ್ಲ ಎಂದಾಗ, "ಮ್ಯಾಲೆ ಹೋದ ಗುಂಡು ಎಲ್ಲ್ಯಾರ ಬೀಳಬೇಕಲ್ಲವ್ವ? ಯಾರ ತಲಿ ಮ್ಯಾಲೆ ಬೀಳಲಿ ಹೇಳು" ಎಂದು ಕೇಳಿದರು. ಖಾಲಿ ಬಂದೂಕನ್ನು ಕೂಡ ಮನುಷ್ಯರ ಕಡೆ ತಿರುಗಿಸಬಾರದೆಂಬುದು ಅವರ ನಿಯಮ. ಒಮ್ಮೆ ಮಲ್ಲೇಶ ತಮಾಷೆಗೆ ಹಾಗೆ ತಿರುಗಿಸಿದ್ದಕ್ಕೆ ಕಪಾಳಕ್ಕೆ ಬಿಗಿದೇಬಿಟ್ಟರು. ಹೊಡೆದು ತಾವೇ ಅತ್ತರು.

ಅಂಥವರು ಒಂದು ಸಂಜೆ ತಮ್ಮ ನಿಯಮವನ್ನು ತಾವೇ ಮುರಿದರು. ಮೆಕ್ಕೆಜೋಳ ಕೊಯ್ದಾಗಿತ್ತು, ಹೊಲ ಬಯಲಾಗಿತ್ತು. ಬೋಲ್ಟು ಜೇಬಿಗೆ ಹಾಕಿಕೊಂಡು, "ಮಲ್ಲೇಶನ ಜತಿಗೆ ಇಲ್ಲೇ ಕುಂದ್ರು. ಹೊತ್ತು ಮುಳುಗೋವಾಗ ಆ ಬದುವಿನ ಕಡೆ ಏನು ಕಾಣ್ತೈತಿ, ಗುರಿ ಹಿಡದು ಕೂಗಿ ಹೇಳು. ನೀ ಹೇಳು, ಅವನು ಬಾಯಿ ಬಿಡಬಾರದು" ಎಂದು ಎಲ್ಲೋ ಹೋದರು. ಬೀಡಿ ಸೇದಲು ಹೋಗಿರಬೇಕು ಅಂದುಕೊಂಡೆ. ಬೆಳಕು ಮಂದವಾಯಿತು. ಬದುವಿನ ಬುಡದಲ್ಲಿ ಕಪ್ಪಗೆ ಏನೋ ಅಲುಗಿತು. ಬಗ್ಗಿ ಮಣ್ಣು ಕೆದರುತ್ತಿತ್ತು, ಭುಜ ಆಡುತ್ತಿತ್ತು. ಗುರಿ ಹಿಡಿದೆ.

"ಕರಡಿ!"

ಕೂಗುವಾಗಲೇ ಬೆರಳು ಬಂದೂಕಿನ ಕುದುರೆಯನ್ನು ಒತ್ತಿತ್ತು. ಏನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಕಪ್ಪು ಆಕಾರ ಎದ್ದು ನಿಂತಿತು. ಕಂಬಳಿ ಜಾರಿತು. ದುರುಗಪ್ಪನವರು.

ನಾನು ಬಂದೂಕು ನೆಲಕ್ಕಿಟ್ಟು ಅಲ್ಲೇ ವಾಂತಿ ಮಾಡಿಕೊಂಡೆ. ಬೈಯುತ್ತಾರೆ, ಮತ್ತೆ ಬಾಲವಾಡಿಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಅವರು ಹತ್ತಿರ ಬಂದು ನನ್ನ ಮುಖವನ್ನೇ ನೋಡಿದರು. ಸಿಟ್ಟು ಇರಲಿಲ್ಲ. ಹಸಿದವರು ಊಟದ ತಟ್ಟೆ ನೋಡುವ ಹಾಗೆ ನೋಡಿದರು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಕರಡಿ ಅಂದೀ?" ಎಂದರು. ಮತ್ತೆ, "ಕರಡಿನ ಅಂದೀ, ಅಲ್ಲಾ?" ಬೋಲ್ಟು ನನ್ನ ಕೈಗಿಟ್ಟು, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಬಸ್ಸು ನಿಲ್ಲುವ ಕಡೆ ನಡೆದುಬಿಟ್ಟರು. ಮಲ್ಲೇಶ ಅವರು ಹೋದ ದಾರಿಯನ್ನೇ ನೋಡುತ್ತ, "ಅಕ್ಕಾ, ಈ ಮುದುಕ ಪರೀಕ್ಷಿ ಮಾಡಿದ್ದು ನಿನಗಲ್ಲ ಬಿಡು" ಎಂದ.

ಕೊನೆಗೆ ಅವರನ್ನು ಕಂಡದ್ದು ಅವರ ಮನೆಯಲ್ಲಿ. ಎದೆಯಲ್ಲಿ ನೀರು ತುಂಬಿ, ಹರಪನಹಳ್ಳಿಯ ಡಾಕ್ಟರು ಮನೆಗೆ ಕರೆದೊಯ್ಯಿರಿ ಎಂದಿದ್ದರು. ಗೋಡೆಗೆ ಒರಗಿ ಕೂತಿದ್ದರು, ಮಲಗಿದರೆ ಉಸಿರು ಬರುತ್ತಿರಲಿಲ್ಲ.

"ನಿನಗಿಂತ ಮುಂಚಿ ಭಾಳ ಮಂದಿನ್ನ ಹಂಗ ಕುಂದ್ರಿಸೀನಿ ಟೀಚರಮ್ಮ. ಎಲ್ಲರೂ ಮನುಷ್ಯ ಅಂದ್ರು. ನೀ ಒಬ್ಬಾಕಿ ಕರಡಿ ಅಂದಿ. ಖರೇ ಹೇಳು. ನನ್ನ ಜೀವಕ್ಕ ಸಮಾಧಾನ ಆಗಲಿ ಅಂತ ಹೇಳಬ್ಯಾಡ."

"ಖರೇನ ರೀ. ಕರಡಿ ಬಿಟ್ರ ಬ್ಯಾರೆ ಏನೂ ಕಾಣಲಿಲ್ಲ. ದೇವರಾಣಿ."

ಕಣ್ಣು ಮುಚ್ಚಿದರು. ಮುಖ ಸಡಿಲವಾಯಿತು. ಅಬ್ಬಾ, ಒಂದು ಮಾತಿನಿಂದ ಇಷ್ಟು ವರ್ಷದ ಮುಳ್ಳು ಕಿತ್ತು ಬಂತಲ್ಲ ಎಂದು ನನಗೆ ಅಳುವೇ ಬಂದಿತ್ತು. ಅಷ್ಟರಲ್ಲಿ ಕಣ್ಣು ತೆರೆದರು.

"ಆದ್ರ ನೀ ಹೊಸಬಾಕಿ. ನಿನ್ನ ಕಣ್ಣು ಪಳಗಿರಲಿಲ್ಲ. ನಂದು ಪಳಗಿತ್ತಲ್ಲವ್ವ."

ನನ್ನ ಮುಂಗೈ ಹಿಡಿದುಕೊಂಡರು. "ಜಗಳ ಆಡಿದ ದಿನ ಬಂದೂಕು ಮುಟ್ಟಬ್ಯಾಡ. ಎಲ್ಲಕ್ಕಿಂತ ಮೊದ್ಲು ಹೇಳೋ ಮಾತು ಇದು. ಉಳಿದದ್ದೆಲ್ಲ ಆಮ್ಯಾಗಿಂದು. ಯಾರಿಗೂ ಹೇಳಲಿಲ್ಲ ನೋಡು, ಬಾಯಿಗೆ ಬರಲಿಲ್ಲ."

ಆ ವಾರವೇ ಹೋದರು. ಮಣ್ಣು ಕೊಟ್ಟು ಬರುವಾಗಲೂ ಜನ ಅದೇ ಎರಡು ಮಾತು ಆಡುತ್ತಿದ್ದರು.

ಈ ವರ್ಷ ಮೆಕ್ಕೆಜೋಳ ತೆನೆ ಕಟ್ಟಿದ ಹೊತ್ತಿಗೆ, ಹೊಲವನ್ನು ಕರೆಂಟು ತೆಗೆಯುವ ಗಾಳಿ ಫ್ಯಾನಿನವರಿಗೆ ಲೀಸಿಗೆ ಕೊಡೋಣವೆಂದು ಮಲ್ಲೇಶ ಹಟ ಹಿಡಿದ. ನಾನು ಆಗದು ಅಂದೆ. ಮಾತಿಗೆ ಮಾತು ಬೆಳೆಯಿತು. ಆಡಬಾರದ್ದನ್ನು ಅವನೂ ಆಡಿದ, ನಾನೂ ಆಡಿದೆ. ಉಣ್ಣದೆ ಎದ್ದು ಹೋದ. ಅವತ್ತೇ ಸಂಜೆ ಪಕ್ಕದ ಹೊಲದ ಬಸಮ್ಮ ಏದುಸಿರು ಬಿಡುತ್ತ ಬಂದಳು.

"ಟೀಚರಕ್ಕ, ನಿಮ್ಮ ಜ್ವಾಳದಾಗ ಹಂದಿನೋ ಕರಡಿನೋ, ಕರ್ರಗ ಏನೋ ಹೊಕ್ಕೈತ್ರಿ! ಬಂದೂಕು ತಗಂಬರ್ರಿ ಲಗೂನ!"

ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. "ತಿನ್ನಲಿ ಬಿಡು" ಅಂದೆ. ಮಲ್ಲೇಶ ಇನ್ನೂ ಹೊಲದಿಂದ ಬಂದಿರಲಿಲ್ಲ.