ಗ್ಯಾರಂಟಿ ಅಂತ ಬರೆದಿಲ್ಲ

ಭವ್ಯಾ, ಎಂಟು ವರ್ಷದ ಹಿಂದೆ ನಿನಗೆ ಬಂದ ಆ ಕಾಗದದ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾವನ ಎದುರು ಅದನ್ನು ಸರಿಯಾಗಿ ಹೇಳಲಿಲ್ಲ. ನೀನು ಓದಲು ಹೋಗದಂತೆ ತಡೆದದ್ದು ನಿನ್ನ ಅಪ್ಪನಲ್ಲ — ನಾನು, ನಿನ್ನ ಅತ್ತಿಗೆ.

ಇಷ್ಟು ಬರೆಯುವಷ್ಟರಲ್ಲಿ ಮಗಳ ನೋಟ್‌ಬುಕ್ಕಿನ ಮೂರು ಹಾಳೆ ಹರಿದಿದ್ದೇನೆ. ಮೊದಲನೆಯದರಲ್ಲಿ ‘ತಪ್ಪಾಗಿ ತಿಳಿದುಕೊಂಡೆ’ ಎಂದು ಬರೆದಿದ್ದೆ. ಎರಡನೆಯದರಲ್ಲಿ ‘ಸರಿಯಾಗಿ ವಿವರಿಸಲಾಗಲಿಲ್ಲ’ ಎಂದು. ಮೂರನೆಯದು ಹೆರಿಗೆಯಾದ ಮೇಲೆ ನನ್ನ ಮೈ ಹೇಗಿತ್ತು ಎಂಬುದರಿಂದ ಶುರುವಾಗಿತ್ತು. ಮೂರೂ ಜಾರಿಕೊಳ್ಳುವ ದಾರಿಗಳೇ.

ರಾಮನಗರದಲ್ಲಿ ನಾನು ಓದಿದ ಕಾನ್ವೆಂಟಿನ ಪಕ್ಕದಲ್ಲೇ ಚರ್ಚು. ನನ್ನ ಕ್ಲಾಸಿನ ಕ್ರೈಸ್ತ ಹುಡುಗಿಯರು ಸಾಲಾಗಿ ಹೋಗಿ, ಪರದೆಯ ಆಚೆ ಕೂತ ಫಾದರ್‌ಗೆ ತಮ್ಮ ಪಾಪಗಳನ್ನು ಹೇಳಿ, ಹಗುರಾಗಿ ಕುಣಿದುಕೊಂಡು ಬರುತ್ತಿದ್ದರು. ನಮಗೆ ಅದಿಲ್ಲವಲ್ಲ ಎಂದು ನನಗೆ ಬೇಜಾರಾಗುತ್ತಿತ್ತು. ಈಗ ಅನ್ನಿಸುತ್ತದೆ — ಆಚೆ ಕೂತಿರಬೇಕಾದವರು ಫಾದರ್ ಅಲ್ಲ, ಯಾರಿಗೆ ಅನ್ಯಾಯವಾಯಿತೋ ಅವರು. ನಡುವೆ ಪರದೆಯೂ ಇರಬಾರದು.

ನಾನು ಸೊಸೆಯಾಗಿ ಚನ್ನಪಟ್ಟಣಕ್ಕೆ ಬಂದಾಗ ನೀನಿನ್ನೂ ಪಿಯುಸಿ. ಹಿತ್ತಲ ಶೆಡ್ಡಿನಲ್ಲಿ ಮಾವ ಬೊಂಬೆ ಕಡೆಯುವ ಎರಡು ಮಿಷನ್. ಗಿರಗಿರ ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ, ಬಣ್ಣ ಹತ್ತಿಕೊಳ್ಳುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಚೆಂದ ನೋಡುತ್ತಿದ್ದೆ, ಅಷ್ಟೇ. ನೀನು ಹಾಗಲ್ಲ. ಮಳೆಗಾಲದಲ್ಲಿ ಕೆಂಪು ಗಿಲಕಿಯ ಮೇಲೆ ಬೂದಿ ಬಣ್ಣದ ಮಬ್ಬು ಕವಿದಾಗ ಮಾವ, “ಅರಗು ಮುನಿಸ್ಕೊಂಡೈತೆ ಕಣವ್ವ, ಒಸಿ ಬಿಸ್ಲು ಕಾಣ್ಲಿ, ಸರೋಯ್ತದೆ” ಎನ್ನುತ್ತಿದ್ದರು.

“ಯಾರ್ ಮ್ಯಾಲಪ್ಪ ಮುನಿಸು?”

“ನಿಮ್ಮವ್ವನ ಮ್ಯಾಲೆ. ಕಾಫಿಗೆ ಸಕ್ರೆ ಕಮ್ಮಿ ಹಾಕವ್ಳೆ.”

ಮನೆಯವರೆಲ್ಲ ನಕ್ಕು ಸುಮ್ಮನಾದರೆ ನೀನೊಬ್ಬಳು ಆ ಗಿಲಕಿ ಹಿಡಿದು ಕೂತಿರುತ್ತಿದ್ದೆ. ಎಂಎಸ್ಸಿಯಲ್ಲಿ ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡೆ. ಚಿತ್ರಾನ್ನದ ಡಬ್ಬಿಯ ಮೇಲಿನ ಖಾನೆಯಲ್ಲಿ ಅರಗಿನ ಚೂರುಗಳನ್ನು ಇಟ್ಟುಕೊಂಡು ಬೆಳಗಿನ ರೈಲಿಗೆ ಓಡುತ್ತಿದ್ದೆ. ಮುಂದೆ ಮೆಟೀರಿಯಲ್ಸ್ ಫಿಸಿಕ್ಸಿನಲ್ಲೇ ಪಿಎಚ್‌ಡಿ ಮಾಡುತ್ತೇನೆ ಎಂದಾಗ ಅತ್ತೆ ಗಲ್ಲಕ್ಕೆ ಕೈಯಿಟ್ಟುಕೊಂಡು, “ಮೆಟೀರಿಯಲ್ಲು ಅಂದ್ರೆ ಚೂಡಿದಾರ್ ಮೆಟೀರಿಯಲ್ಲೇನೆ? ಅದ್ಕೂ ಓದ್ಬೇಕಾ?” ಎಂದಿದ್ದರು.

“ಅದೂ ಒಂದು ಮೆಟೀರಿಯಲ್ಲೇ ಕಣವ್ವ. ಮರ, ಅರಗು, ರೇಷ್ಮೆ, ನಿನ್ ಕೈಬಳೆ — ಎಲ್ಲಾನೂ. ಇದು ಯಾಕೆ ಹಿಂಗೈತೆ, ಹಂಗ್ಯಾಕಿಲ್ಲ ಅಂತ ಕೇಳೋದು” ಎಂದಿದ್ದೆ ನೀನು. ಆ ಮಾತು ನನಗೆ ಇವತ್ತಿಗೂ ಅಕ್ಷರ ಬಿಡದಂತೆ ನೆನಪಿದೆ.

ನಿನ್ನ ಅರ್ಜಿಯ ಇಂಗ್ಲಿಷ್ ತಿದ್ದಿದವಳು ನಾನೇ. ‘ಅರಗು ಮುನಿಸಿಕೊಂಡಿದೆ ಎಂದು ನನ್ನ ತಂದೆ ಹೇಳುತ್ತಾರೆ’ ಎಂದು ಮೊದಲ ಸಾಲಿನಲ್ಲೇ ನೀನು ಬರೆದಿದ್ದೆ. “ಇದನ್ನ ಹೊಡೆದುಹಾಕು ಭವ್ಯಾ, ಓದಿದವರು ನಗ್ತಾರೆ” ಎಂದೆ. ಉಳಿದ ಎಲ್ಲವನ್ನೂ ನಾನು ಹೇಳಿದಂತೆ ನೀನು ತಿದ್ದಿದೆ. ಆ ಸಾಲನ್ನು ಮಾತ್ರ ಬಿಡಲಿಲ್ಲ. ಸಂದರ್ಶನ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ನುಗ್ಗಿದ್ದೆ. “ಅತ್ಗೆ, ಅದೊಂದೇ ಸಾಲು ಇಡ್ಕೊಂಡು ಮುಕ್ಕಾಲು ಗಂಟೆ ಕೇಳುದ್ರು ಅತ್ಗೆ!”

ನಾನು ನಕ್ಕೆ. ಒಲೆಯ ಮೇಲೆ ಸಾರು ಉಕ್ಕಿತು, ಒರೆಸಿದೆ. ಒಳಗೆ ಎಲ್ಲೋ ಏನೋ — ಈರುಳ್ಳಿ ಹೆಚ್ಚುವಾಗ ಬೆರಳಿಗೆ ಕತ್ತಿ ತಾಗಿದ್ದು ಆಮೇಲೆ ತಿಳಿಯುತ್ತದಲ್ಲ, ಹಾಗೆ.

ಪಿಎಚ್‌ಡಿಯ ಕಾಗದ ಬಂದಾಗ ಮನೆ ಮೊದಲಿನಂತಿರಲಿಲ್ಲ. ಅತ್ತೆಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು, ಎಡಗೈ ಎತ್ತಲಾಗುತ್ತಿರಲಿಲ್ಲ. ನನ್ನ ಕಂಕುಳಲ್ಲಿ ನಾಲ್ಕು ತಿಂಗಳ ಕೂಸು. ಹಾರೋಹಳ್ಳಿಯ ಬಣ್ಣದ ಫ್ಯಾಕ್ಟರಿಯೊಂದರಿಂದ ನಿನಗೆ ಟೆಸ್ಟಿಂಗ್ ಸೆಕ್ಷನ್ನಿನ ಕೆಲಸದ ಆರ್ಡರ್ ಆಗಲೇ ಬಂದಿತ್ತು. ಈ ಕಾಗದವಾದರೋ ಎರಡು ದಿನದ ರೈಲು ದಾರಿಯಾಚೆಗಿನ ಊರಿನದು. ಬೆಳಗಿನ ಹೊತ್ತು, ಮಾವ ಶೆಡ್ಡಿನಿಂದ ಬಂದು, ಮರದ ಹೊಟ್ಟು ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, “ಓದವ್ವ, ಏನ್ ಬರ್ದವ್ರೆ?” ಎಂದು ನನ್ನನ್ನು ಕೇಳಿದರು. ನಿನ್ನನ್ನಲ್ಲ, ನನ್ನನ್ನು.

ಓದಿದೆ. ಎರಡನೆಯ ಸಾಲಿನಲ್ಲೇ ಇತ್ತು — ಪ್ರೊವಿಷನಲಿ ಸೆಲೆಕ್ಟೆಡ್.

“ಪ್ರಾವಿಜನ್ನು ಅಂದ್ರೆ ದಿನ್ಸಿ ಅಂಗ್ಡಿ ಅಲ್ವೇನವ್ವ? ಓದಕ್ಕೆ ಕರ್ದವ್ರೋ, ಅಂಗ್ಡಿ ಇಡಕ್ಕೆ ಕರ್ದವ್ರೋ?” ಎಂದು ಮಾವ ನಕ್ಕರು. ನೀನೂ ನಕ್ಕೆ. “ಅಪ್ಪಾ, ಮಾರ್ಕ್ಸ್‌ಕಾರ್ಡ್ ತೋರ್ಸೋಗಂಟ ಎಲ್ಲಾರ್ಗೂ ಹಂಗೇ ಬರೀತಾರೆ” ಎಂದೆ. ಮಾವ ಕೈ ಅಡ್ಡ ಹಿಡಿದರು.

“ನೀನು ಹೋಗ್ಬೇಕು ಅಂತ ಕುಣಿತಿರೋಳು, ನೀನ್ ಹಂಗೇ ಅಂತೀಯ. ನಿಮ್ಮತ್ಗೆ ಹೇಳ್ಲಿ. ಕಾನ್ವೆಂಟಲ್ಲಿ ಓದಿರೋಳು. ನೋಡವ್ವ, ಹೆಣ್ಮಗೀನ ಅಷ್ಟು ದೂರ ಕಳುಸ್ಬೇಕು, ಕೈಗೆ ಬಂದಿರೋ ಕೆಲ್ಸ ಬುಡಿಸ್ಬೇಕು. ಗ್ಯಾರಂಟಿ ಐತೋ ಇಲ್ವೋ, ಅಷ್ಟೇಳು.”

ಅವರ ಕಣ್ಣು ನನಗೆ ಕಾಣುತ್ತಿತ್ತು. ಹೌದು ಅನ್ನಿಸಿಕೊಳ್ಳಲೆಂದೇ ಕಾದಿದ್ದ ಕಣ್ಣು ಅದು.

“ಗ್ಯಾರಂಟಿ ಅಂತ ಬರೆದಿಲ್ಲ, ಮಾವ” ಎಂದೆ.

ಆ ಒಂದು ವಾಕ್ಯ. ನೋಡು, ಅದರಲ್ಲಿ ಸುಳ್ಳು ಎಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಇಲ್ಲ. ಕಾಗದದಲ್ಲಿ ಗ್ಯಾರಂಟಿ ಎಂಬ ಪದ ಇರಲಿಲ್ಲ, ನಿಜ. ಇಷ್ಟು ವರ್ಷ ನಾನು ಅದರ ನೆರಳಿನಲ್ಲೇ ಕೂತಿದ್ದೆ — ನಾನೇನು ಸುಳ್ಳು ಹೇಳಲಿಲ್ಲವಲ್ಲ ಎಂದು.

ನೀನು ನನ್ನ ಕಡೆ ತಿರುಗಿದೆ. ಬಾಯಿ ಅರ್ಧ ತೆರೆದಿತ್ತು. ನಾನು ಮಗುವಿನ ಟೋಪಿಯ ದಾರ ಬಿಚ್ಚಿ ಮತ್ತೆ ಕಟ್ಟಿದೆ. ಅದು ಬಿಚ್ಚಿಯೇ ಇರಲಿಲ್ಲ, ಭವ್ಯಾ.

“ಹೋಗು ಅಂತ್ಲೇ ಇದ್ದೆ ಮಗ,” ಎಂದರು ಮಾವ. “ನಿಮ್ಮತ್ಗೇನೇ ಹಿಂಗಂದ್ಮೇಲೆ...”

ಯಾಕೆ ಹೇಳಿದೆ? ಅತ್ತೆಯನ್ನು ಎತ್ತಿ ಕೂರಿಸಲು, ಕೂಸನ್ನು ಹಿಡಿದುಕೊಳ್ಳಲು ನೀನು ಬೇಕಿತ್ತು — ಇದು ಬೇಗ ಸಿಗುವ ಉತ್ತರ. ಬಹಳ ದಿನ ಅದನ್ನೇ ನಂಬಿದ್ದೆ. ಅದರ ಕೆಳಗೆ ಇನ್ನೊಂದಿದೆ. ನಾನು ಬಿಎ ಓದಿ, ಬಂದು ಒಗ್ಗರಣೆ ಹಾಕಿದವಳು. ಆ ಮನೆಯಲ್ಲಿ ನನ್ನದು ಅಂತ ಇದ್ದ ಒಂದೇ ಒಡವೆ ನನ್ನ ಇಂಗ್ಲಿಷ್. ಬ್ಯಾಂಕಿನ ಕಾಗದ, ಔಷಧಿಯ ಚೀಟಿ, ಹೊರದೇಶದ ಗಿರಾಕಿಯ ಫೋನು — ಎಲ್ಲಕ್ಕೂ “ಅವ್ವಾ, ಬಾರವ್ವ ಇಲ್ಲಿ” ಎಂದು ಮಾವ ನನ್ನನ್ನೇ ಕರೆಯುತ್ತಿದ್ದರು. ‘ಪೀಜಿಕ್ಸು’ ಎನ್ನುತ್ತಿದ್ದ ಕನ್ನಡ ಮೀಡಿಯಂ ಹುಡುಗಿ, ನಾನು ಹೊಡೆದುಹಾಕು ಎಂದ ಸಾಲನ್ನೇ ಹಿಡಿದು ಬಾಗಿಲು ದಾಟಿ ಹೋಗುವುದನ್ನು ನನ್ನಿಂದ... ಸಹಿಸಲಾಗಲಿಲ್ಲ. ಬರೆದುಬಿಟ್ಟೆ.

ಇನ್ನೂ ಒಂದಿದೆ. ನನ್ನನ್ನು ನೋಡಲು ನಿಮ್ಮ ಮನೆಯವರು ಬಂದ ದಿನ ನಮ್ಮಪ್ಪ ಹೆಮ್ಮೆಯಿಂದ ನನ್ನ ಡಿಗ್ರಿಯ ಕಾಗದ ತಂದು ಮಾವನ ಕೈಗೆ ಕೊಟ್ಟಿದ್ದರು. ಘಟಿಕೋತ್ಸವ ಆಗಿರಲಿಲ್ಲ, ಅದು ಪ್ರೊವಿಷನಲ್ ಸರ್ಟಿಫಿಕೇಟು. ತಲೆಯ ಮೇಲೆ ದಪ್ಪಕ್ಷರದಲ್ಲಿ ಅದೇ ಪದ. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, “ನಮ್ಮನೆಗೆ ಡಿಗ್ರಿ ಓದಿರೋ ಸೊಸೆ” ಎಂದರು. ಗ್ಯಾರಂಟಿ ಐತಾ ಎಂದು ಯಾರೂ ಕೇಳಲಿಲ್ಲ. ಆ ಪದದ ಮೇಲೆ ನಾನು ಸೊಸೆಯಾದೆ. ಅದೇ ಪದ ತೋರಿಸಿ ನಿನ್ನನ್ನು ನಿಲ್ಲಿಸಿದೆ.

ನೀನು ಜಗಳವಾಡಲಿಲ್ಲ, ಆ ಬಣ್ಣದ ಫ್ಯಾಕ್ಟರಿಗೇ ಸೇರಿದೆ. ರಾಮನಗರಕ್ಕೆ ಬಸ್ಸು, ಅಲ್ಲಿಂದ ಕಂಪನಿಯ ವ್ಯಾನು, ಸಂಜೆ ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ. ಅಲ್ಲಿ ಏನು ಮಾಡ್ತೀಯೆಂದು ಒಮ್ಮೆ ಕೇಳಿದ್ದೆ. ಬಣ್ಣ ಬಳಿದ ತಗಡಿನ ಮೇಲೆ ಬ್ಲೇಡಿನಿಂದ ಚೌಕಚೌಕವಾಗಿ ಗೀರಿ, ಟೇಪು ಅಂಟಿಸಿ ಕಿತ್ತು, ಎಷ್ಟು ಕಿತ್ತು ಬಂತೆಂದು ನೋಡುವುದು ಎಂದಿದ್ದೆ ನೀನು. “ಪಾಸಾ ಫೇಲಾ, ಅಷ್ಟೇ ಬರೀಬೇಕು ಅತ್ಗೆ. ಯಾಕೆ ಕಿತ್ಕೊಂಡು ಬಂತು ಅಂತ ಕೇಳಕ್ಕೆ ನಂಗೆ ಸಂಬ್ಳ ಕೊಡಲ್ಲ.” ನಗುತ್ತಲೇ ಹೇಳಿದ್ದೆ. ಆಮೇಲೆ ನಿನ್ನ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಎಣ್ಣೆ ಮೆತ್ತಿದ ಫಿಸಿಕ್ಸಿನ ದಪ್ಪ ಪುಸ್ತಕವನ್ನು ನಾನು ಎಷ್ಟು ಸಲ ನೋಡಿದ್ದೇನೆ. ನೀನು ಅದನ್ನು ವ್ಯಾನಿನಲ್ಲಿ ಓದುತ್ತಿದ್ದೆ. ಎರಡು ಸಲ ಪಿಎಚ್‌ಡಿಯ ಪ್ರವೇಶ ಪರೀಕ್ಷೆ ಬರೆದು ಆಗಲಿಲ್ಲ, ಮೂರನೆಯ ಸಲ ಆಯಿತು. ಅತ್ತೆ ಕೋಲು ಹಿಡಿದು ನಡೆಯುವ ಹಾಗಾದರು, ನನ್ನ ಕೂಸು ಮೂರನೆಯ ಕ್ಲಾಸಿಗೆ ಬಂತು. ಎಂಟು ವರ್ಷ ಅಂದರೆ ಇಷ್ಟು.

ಹೋದ ಭಾನುವಾರ ತಿಂಡಿಯ ಹೊತ್ತಿಗೆ ನೀನು ಹೊಸ ಕಾಗದವನ್ನು ಮಾವನ ಮುಂದೆ ಇಟ್ಟೆ. ಒಂದಕ್ಷರ ವಿವರಿಸಲಿಲ್ಲ. “ಅತ್ಗೆ ಓದ್ತಾರೆ ಅಪ್ಪಾ” ಎಂದು ಹೇಳಿ, ನೆರಳಲ್ಲಿ ಒಣಗಲು ಹಾಕಿದ್ದ ಮರದ ತುಂಡುಗಳನ್ನು ಹೊರಳಿಸಲು ಹಿತ್ತಲಿಗೆ ಹೋದೆ. ನಿನ್ನ ಬೆನ್ನು ನೋಡಿದಾಗ ನನಗೆ ಗೊತ್ತಾಯಿತು. ಅವತ್ತು ನಾನು ಬೇಕೆಂದೇ ಹಾಗೆ ಹೇಳಿದೆನೆಂದು ನಿನಗೆ ಮೊದಲಿನಿಂದ ಗೊತ್ತಿತ್ತು.

ಮತ್ತೆ ಎರಡನೆಯ ಸಾಲು. ಮತ್ತೆ ಅದೇ ಪದ. “ಗ್ಯಾರಂಟಿ, ಮಾವ. ಖಂಡಿತ ಸಿಕ್ಕಿದೆ. ಕಳಿಸಿ” ಎಂದೆ. ನನ್ನ ಇಡ್ಲಿ ತಟ್ಟೆಯಲ್ಲೇ ಇತ್ತು.

ಮಾವ ತಲೆದೂಗಿದರು. ಆಮೇಲೆ ತಡೆದು ಕೇಳಿದರು, “ಆ ಅಂಗ್ಡಿ ಪದ ಇದ್ರಾಗೂ ಐತಾ?”

ತಮ್ಮ ಹಳೆಯ ತಮಾಷೆ ಅವರಿಗೆ ಮರೆತಿರಲಿಲ್ಲ.

“ಇದೆ ಮಾವ. ಅವತ್ತೂ... ಅವತ್ತು ನಾನು ತಪ್ಪು ಹೇಳಿದೆ.”

ಅವರು ನನ್ನ ತಟ್ಟೆಯನ್ನು ನನ್ನ ಕಡೆ ಸರಿಸಿದರು. “ಆಯ್ತದೆ ಬುಡವ್ವ. ಓದ್ದೋರ್ಗೂ ಒಂದೊಂದ್ಸಲ ತಪ್ಪಾಯ್ತದೆ. ತಿನ್ನು, ಆರೋಯ್ತದೆ.”

ತಪ್ಪು. ನಮ್ಮ ಭಾಷೆಯಲ್ಲಿ ಗೊತ್ತಿಲ್ಲದೆ ಎಡವಿದರೂ ಅದೇ ಪದ, ಗೊತ್ತಿದ್ದು ತಳ್ಳಿದರೂ ಅದೇ ಪದ. ನಾನು ಹೇಳಿದ್ದು ಒಂದು, ಅವರು ಕ್ಷಮಿಸಿದ್ದು ಇನ್ನೊಂದು. ಆ ಕ್ಷಮೆಯನ್ನು ನಾನು — ಬೇಡ, ಇದು ನನ್ನದಲ್ಲ ಎಂದು ಹೇಳದೆ — ಚಟ್ನಿಗೆ ಅದ್ದಿ ತಿಂದೆ. ಮಾವ ಬಣ್ಣ ಹಾಕುವ ಮೊದಲು ಮರದ ತುಂಡನ್ನು ಕೆನ್ನೆಗೆ ಒತ್ತಿ ನೋಡುತ್ತಾರಲ್ಲ. ತಣ್ಣಗಿದ್ದರೆ ಒಳಗೆ ಹಸಿ ಇದೆ, ಮುಟ್ಟಬೇಡ. ಮೇಲೆ ಎಷ್ಟು ಹೊಳಪು ಬಂದರೂ ನಾಳೆ ಒಡೆಯುತ್ತದೆ ಎನ್ನುತ್ತಾರೆ. ಆ ದಿನದಿಂದ ನನ್ನ ಕೆನ್ನೆ ನನಗೇ ತಣ್ಣಗೆ ತಾಗುತ್ತಿದೆ.

ನೀನು ಹೊರಡಲು ಇನ್ನು ಹತ್ತು ದಿನ. ಅತ್ತೆಯ ಮಾತ್ರೆ, ಮಾವನ ಕಣ್ಣಿನ ಹನಿ, ಎಲ್ಲ ನನಗೆ ಗೊತ್ತು. ಅದನ್ನು ಪ್ರಾಯಶ್ಚಿತ್ತ ಎಂದು ಹೇಳಿಕೊಳ್ಳುವುದಿಲ್ಲ. ಮೊದಲೇ ಮಾಡಬಹುದಿತ್ತು, ಅಷ್ಟೇ. ನೀನು ಕ್ಷಮಿಸಲಿ ಎಂದೂ ಇದನ್ನು ಬರೆಯುತ್ತಿಲ್ಲ. ಇಪ್ಪತ್ತಮೂರರಲ್ಲಿ ಕೇಳಬೇಕಿದ್ದ ‘ಯಾಕೆ’ಯನ್ನು ನೀನು ಮೂವತ್ತೊಂದರಲ್ಲಿ ಕೇಳಲು ಹೋಗುತ್ತಿದ್ದೀಯ. ನಡುವಿನದ್ದನ್ನು ನಾನು ವಾಪಸ್ಸು ಕೊಡಲಾರೆ.

ಆದರೆ ಒಂದು ಮಾಡುತ್ತೇನೆ. ಎಂಟು ವರ್ಷದ ಹಿಂದೆ ನೀನು ಮೇಜಿನ ಮೇಲೆ ಬಿಟ್ಟುಹೋದ ಆ ಕಾಗದ ನನ್ನ ಬಳಿಯೇ ಇದೆ. ಬೀರುವಿನಲ್ಲಿ, ನನ್ನ ಸರ್ಟಿಫಿಕೇಟಿನ ಜೊತೆ, ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಯಾಕೆ ಹರಿಯಲಿಲ್ಲ, ಯಾಕೆ ಜೊತೆಗೇ ಇಟ್ಟೆ — ಗೊತ್ತಿಲ್ಲ. ಇವತ್ತು ಎರಡನ್ನೂ ತೆಗೆದಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ನೀನು ಇರುವಾಗಲೇ ಶೆಡ್ಡಿಗೆ ಹೋಗಿ, ನನ್ನ ಸರ್ಟಿಫಿಕೇಟು, ನಿನ್ನ ಹಳೆಯ ಕಾಗದ, ಹೊಸ ಕಾಗದ, ಮೂರನ್ನೂ ಮಾವನ ಮುಂದೆ ಸಾಲಾಗಿ ಇಡುತ್ತೇನೆ. ಪ್ರತಿಯೊಂದರಲ್ಲೂ ಆ ಪದದ ಕೆಳಗೆ ಬೆರಳಿಡುತ್ತೇನೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಅಳತೆಗೋಲು ಮುಟ್ಟದೆ ಬರೀ ಕಣ್ಣಲ್ಲಿ ಒಂದರಂತೆ ಇನ್ನೊಂದು ಬೊಂಬೆ ಕಡೆದವರು ಅವರು. ಒಂದು ಆಕಾರ ಇನ್ನೊಂದರ ಹಾಗೇ ಇದೆಯೋ ಇಲ್ಲವೋ ಎಂಬುದನ್ನು ಅವರಿಗೆ ಯಾರೂ ಓದಿ ಹೇಳಬೇಕಾಗಿಲ್ಲ.

ಅವರು ತಲೆಯೆತ್ತಿ ನನ್ನನ್ನು ನೋಡುತ್ತಾರೆ. ಈ ಸಲ ನಾನು ‘ತಪ್ಪು’ ಎನ್ನುವುದಿಲ್ಲ. “ಗೊತ್ತಿದ್ದೂ ಹೇಳಿದೆ, ಮಾವ” ಎನ್ನುತ್ತೇನೆ.