ಡೆಲ್ ಅಂದರೆ ಕೇಳದ ಯಂತ್ರ

ನನ್ನ ಗಂಡನನ್ನು ಬೀದಿಯವರು ಕರೆಯುವುದು ಕರಿಪರದೆ ಎಂದು. ಕಂಪ್ಯೂಟರ್ ರಿಪೇರಿ ಮಾಡುವ ಈ ಮನುಷ್ಯ ಮೌಸ್ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ. ಕಪ್ಪು ಪರದೆ ತೆರೆದು ನಾಲ್ಕು ಅಕ್ಷರ ಕುಟ್ಟಿದರೆ ಕೆಲಸ ಮುಗಿಯಿತು. ಫೈಲ್ ಅಳಿಸಲು ವಿಂಡೋಸ್‌ಗೆ ಡೆಲ್ ಅನ್ನಬೇಕಂತೆ, ಲಿನಕ್ಸ್‌ಗೂ ಮ್ಯಾಕ್‌ಗೂ ಆರ್‌ಎಂ ಅನ್ನಬೇಕಂತೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ನಾನೂ ನಿಮ್ಮಮ್ಮನೂ ಇದ್ದ ಹಾಗೆ ಅಂತ ಇವರಿಗೆ ತಮಾಷೆ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಮರ ಕೊಯ್ಯುವ ಮಿಲ್ಲಿನ ಧಣಿ ಕ್ಯಾಮರಾದ ವಿಡಿಯೊ ಅಳಿಸಲು ಇವರನ್ನು ಕರೆಸಿದ. ಅಲ್ಲಿ ಹಮಾಲನೊಬ್ಬ ಸತ್ತು ನಾಲ್ಕು ದಿನವಾಗಿತ್ತು. ದಿಮ್ಮಿ ಉರುಳಿ ಸತ್ತ ಎಂದು ಪೊಲೀಸರಲ್ಲಿ ಬರೆಸಿದ್ದರು. ಕ್ಯಾಮರಾದ ವಿಡಿಯೊದಲ್ಲಿ ಇದ್ದದ್ದೇ ಬೇರೆ: ಕೆಳಗೆ ಬಿದ್ದವನ ತಲೆಗೆ ಧಣಿಯೇ ಕಬ್ಬಿಣದ ರಾಡಿನಿಂದ ಆರು ಸಲ ಬಾರಿಸಿದ್ದ. ಇವರು ಅದನ್ನು ಗುಟ್ಟಾಗಿ ಪೆನ್‌ಡ್ರೈವಿಗೆ ಹಾಕಿಕೊಂಡು, ಆಮೇಲೆ ಧಣಿಯ ಕಣ್ಣೆದುರೇ ಡೆಲ್ ಕುಟ್ಟಿ ಅಳಿಸಿದರು. ಮನೆಗೆ ಬಂದವರೇ ಮುಂಗೋಣೆಯ ಅಂಗಡಿಯಲ್ಲಿದ್ದ ನಮ್ಮ ಯಂತ್ರಕ್ಕೆ ಇಳಿಸಿದರು. ಮಿಲ್ಲಿನದು ವಿಂಡೋಸ್, ನಮ್ಮದು ಲಿನಕ್ಸ್.

ಪೆನ್‌ಡ್ರೈವನ್ನು ಯಾರೋ ನೋಡಿ ಧಣಿಯ ಕಿವಿಗೆ ಹಾಕಿದ್ದರು. ಮಧ್ಯಾಹ್ನ ಇಬ್ಬರ ಜೊತೆ ಅಂಗಡಿಗೆ ನುಗ್ಗಿದ. ಅದನ್ನು ಇವರ ಜೇಬಿನಿಂದ ಕಿತ್ತು ಬೂಟಿನಲ್ಲಿ ಅರೆದು, ನಮ್ಮ ಯಂತ್ರದ ಕಡೆ ಕೈ ತೋರಿಸಿ, "ಇದರೊಳಗೂ ಹಾಕಿದ್ದೀಯ. ಬೆಳಿಗ್ಗೆ ಮಾಡಿದ ಹಾಗೆ ಮಾಡು" ಅಂದ.

"ಆಗಲ್ಲ" ಅಂದರು ಇವರು.

ಒಬ್ಬ ಇವರ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದ. ರಾಡು ಬಿತ್ತು. ಬೆರಳು ಮುರಿದ ಸದ್ದು ಒಳಬಾಗಿಲಲ್ಲಿದ್ದ ನನಗೂ ಕೇಳಿಸಿತು. ಓಡಿ ಬಂದ ನನ್ನ ಜಡೆ ಹಿಡಿದು ಇನ್ನೊಬ್ಬ ಗೋಡೆಗೆ ಅಪ್ಪಳಿಸಿದ. ಬಾಯಿ ತುಂಬ ರಕ್ತ. ಎರಡನೆಯ ಏಟಿಗೆ ಇವರು ಕುರ್ಚಿಯಿಂದ ಉರುಳಿದರು. ಕೈಗೆ ಸಿಕ್ಕಿದ್ದರೆ ಆ ಧಣಿಯ ಕತ್ತು ನಾನೇ ಹಿಸುಕುತ್ತಿದ್ದೆ.

ಧಣಿ ತಾನೇ ಕೂತ. ಬೆಳಿಗ್ಗೆ ನೋಡಿದ್ದನ್ನು ನೆನೆಸಿಕೊಂಡು ತೆರೆದೇ ಇದ್ದ ಕಪ್ಪು ಪರದೆಯಲ್ಲಿ ಒಂದೇ ಬೆರಳಲ್ಲಿ ಡೆಲ್ ಎಂದು ಕುಟ್ಟಿ, ಪಕ್ಕದಲ್ಲಿ ವಿಡಿಯೊದ ಹೆಸರನ್ನೂ ಕುಟ್ಟಿದ. ಹಮಾಲ ಸತ್ತ ತಾರೀಖೇ ಅದರ ಹೆಸರು. ಯಂತ್ರ 'ಕಮಾಂಡ್ ನಾಟ್ ಫೌಂಡ್' ಎಂದಿತು. ಡೆಲ್ ಎಂಬ ಅಪ್ಪಣೆಯೇ ತನಗೆ ಗೊತ್ತಿಲ್ಲ ಅಂತ ಅದು ಹೇಳಿದ್ದು. ಧಣಿ ಓದಿದ್ದು ಕೊನೆಯ ಎರಡು ಪದ ಮಾತ್ರ.

"ಸಿಗಲಿಲ್ಲ ಅಂತಿದೆ. ಹೋಯ್ತು ತಾನೇ?" ಎಂದು ಇವರ ಪಕ್ಕೆಗೆ ಒದ್ದ.

ಸುಳ್ಳು ಹೇಳಲು ಬಾರದ ನನ್ನ ಗಂಡ ನೆಲದ ಮೇಲಿಂದಲೇ "ಹೋಯ್ತು ಧಣಿ" ಅಂದರು.

ಹೋಗುವಾಗ ಧಣಿ ಪರದೆಗೂ ಒಂದೇಟು ಹಾಕಿದ. ಚೂರು ನನ್ನ ಕಾಲಿನವರೆಗೂ ಸಿಡಿಯಿತು. ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬವನ್ನು ಯಾರೂ ಮುಟ್ಟಲಿಲ್ಲ. ವಿಡಿಯೊ ಇದ್ದದ್ದು ಅದರಲ್ಲಿ.

ಮರುದಿನ ಇವರು ಹೇಳಿದ ಹಾಗೆ ನಾನೇ ಬೇರೆ ಪರದೆ ಜೋಡಿಸಿದೆ. ಹಮಾಲನ ಹೆಂಡತಿಯನ್ನು ಕರೆಸಿದೆವು. ನೋಡಬೇಡ ತಂಗಿ, ವಕೀಲರಿಗೆ ಕೊಟ್ಟರೆ ಸಾಕು ಅಂದೆ. ಅವಳು ಕೇಳಲಿಲ್ಲ. ಆರೂ ಏಟು ನೋಡಿದಳು. ಆಮೇಲೆ ಇವರ ಬ್ಯಾಂಡೇಜು ಸುತ್ತಿದ ಕೈಯನ್ನು ಮೆಲ್ಲಗೆ ಮುಟ್ಟಿದಳು.

"ಅಣ್ಣಾ, ಅವನಿಗೆ ಶಿಕ್ಷೆ ಆದಮೇಲೆ ಇದನ್ನ ಎಲ್ಲಾ ಕಡೆಯಿಂದ ಅಳಿಸಿಕೊಡ್ತೀರಾ? ನನ್ನ ಮಕ್ಕಳು ನೋಡಬಾರದು."