ಅಕ್ಕೋರ ಒಳಗಿನ ಜಗಳ

ಲಕ್ಷ್ಮೇಶ್ವರದಲ್ಲಿ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದ ಅಕ್ಕೋರ ಬೆರಳುಗಳು ಸದಾ ಬಾತಿರುತ್ತಿದ್ದವು, ಕೆನ್ನೆ ಕೆಂಪಗಿರುತ್ತಿತ್ತು. ಮಾತುಮಾತಿಗೂ "ತಿಳೀತಿಲ್ಲೋ?" ಅನ್ನುತ್ತಿದ್ದರು. ಜಡ್ಡು ಅಂಟೀತೆಂದು ಹೆದರಿ ಉಳಿದ ಶಿಕ್ಷಕಿಯರು ಅವರ ಜೊತೆ ಊಟಕ್ಕೆ ಕೂಡುತ್ತಿರಲಿಲ್ಲ.

ಒಮ್ಮೆ ಅವರು ಬೋರ್ಡಿನ ಮೇಲೆ ಜೀವಕೋಶ ಬರೆದು, ಅದರೊಳಗೆ ರೈಬೋಸೋಮಿನ ಚುಕ್ಕಿ ಇಡುತ್ತಿದ್ದಾಗ ನಾನು ಕೇಳಿಬಿಟ್ಟೆ: "ನಿಮ್ಮ ಜಡ್ಡು ನಮಗೂ ಹತ್ತತೈತೇನ್ರಿ ಅಕ್ಕೋರ?"

ಅಕ್ಕೋರು ಅದೇ ಚುಕ್ಕಿಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು.

"ಇಲ್ಲವ್ವಾ. ಈ ಚುಕ್ಕಿಯೊಳಗಿನ ಪ್ರೋಟೀನನ್ನ ನನ್ನ ರಕ್ತ ವೈರಿ ಅಂತ ತಿಳಕೊಂಡೈತಿ. ಅದಕ್ಕ ಈ ಬಾವು, ಈ ನೋವು. ಜಗಳ ನನ್ನೊಳಗಷ್ಟ. ತಿಳೀತಿಲ್ಲೋ?"

ಮಧ್ಯಾಹ್ನ ನಾನು ಡಬ್ಬಿ ಹಿಡಿದು ಅವರ ಪಕ್ಕ ಹೋಗಿ ಕೂತೆ. ಅವರು ತಮ್ಮ ರೊಟ್ಟಿ ಮುರಿಯಲು ಹೆಣಗಿ, ಕಡೆಗೆ ನನ್ನ ಕೈಗಿತ್ತರು.

"ನೀನ ಮುರಿಯವ್ವಾ. ಅರ್ಧ ನಿನಗ."

ಮುರಿದು ತಿಂದೆ. ಅವರು ತಮ್ಮ ಪಾಲನ್ನು ಕೈಯಲ್ಲೇ ಹಿಡಿದು, ನಾನು ತಿನ್ನುವುದನ್ನೇ ನೋಡುತ್ತ ಕೂತಿದ್ದರು.